ನಾನಿಲ್ಲದ ಒಂದು ಹಗಲು

ನನಗೆ ಎಚ್ಚರವಾದಾಗ ನಾನು ಮಲಗಿರಲಿಲ್ಲ, ಕೂತು ಊಟ ಮಾಡುತ್ತಿದ್ದೆ. ಬಾಯಲ್ಲಿ ಅರ್ಧ ಅಗಿದ ರೊಟ್ಟಿ ಇತ್ತು. ಬೆರಳಿಗೆ ಬದನೆಕಾಯಿ ಪಲ್ಯದ ಎಣ್ಣೆ ಹತ್ತಿತ್ತು. ಎದುರಿನ ಗೋಡೆಯಲ್ಲಿ ಒಂದು ಮಾಡ, ಮಾಡದಲ್ಲಿ ಸಣ್ಣ ದೀಪ ಮತ್ತು ವಿಭೂತಿ ಗಟ್ಟಿ. ಗೋಡೆಯಾಚೆ ಪಾವರಲೂಮುಗಳು ಖಡಖಡ ಬಡಿಯುತ್ತಿದ್ದವು. ಆ ಮಾಡವನ್ನೂ ಆ ಸದ್ದನ್ನೂ ನಾನು ಬಲ್ಲೆ. ಎಷ್ಟು ಬಲ್ಲೆನೆಂದರೆ ಮೊದಲ ಗಳಿಗೆ ಗಾಬರಿಯೇ ಆಗಲಿಲ್ಲ; ತುತ್ತನ್ನು ಅಗಿದು ನುಂಗಿದೆ. ಆಮೇಲೆ ಎಡಕ್ಕೆ ತಿರುಗಿದೆ. ಅಕ್ಕ ಕೂತಿದ್ದಳು. ನನ್ನ ಎಡಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದಳು.

ಅದು ಬನಹಟ್ಟಿಯಲ್ಲಿರುವ ನನ್ನ ಅಕ್ಕನ ಮನೆ. ಆ ಮನೆಯ ಹೊಸ್ತಿಲು ತುಳಿಯುವುದಿಲ್ಲವೆಂದು ನಾನು ಆಣೆ ಮಾಡಿ ಏಳೆಂಟು ವರ್ಷಗಳಾಗಿದ್ದವು.

"ನಾ ಇಲ್ಲಿಗೆ ಹೆಂಗ ಬಂದೆ?" ಎಂದೆ.

"ಬಸ್ಸಿನ್ಯಾಗ ಬಂದಿ. ಉಣ್ಣು," ಎಂದಳು ಅಕ್ಕ. ಒಂದೇ ಪ್ರಶ್ನೆಗೆ ಬಹಳ ಸಲ ಉತ್ತರ ಕೊಟ್ಟು ದಣಿದವರ ದನಿ ಅದು.

ನಾನು ಕೈ ಬಿಡಿಸಿಕೊಂಡು ಎದ್ದುನಿಂತೆ. ಕಾಲು ತಾಗಿ ತಾಟು ಸರಿಯಿತು. "ನಾ ನಿನ್ನ ಮನಿಯಾಗ ಯಾಕ ಉಣ್ಣಾಕತ್ತೇನಿ? ನನ್ನ ಇಲ್ಲಿ ಯಾರ ಕರಕೊಂಡ ಬಂದ್ರು?"

ಅಕ್ಕ ನನ್ನ ಮುಖವನ್ನೇ ದಿಟ್ಟಿಸಿದಳು. ನನ್ನ ಮಾತಿನಲ್ಲಿದ್ದ ಸಿಟ್ಟಿನಿಂದಲೇ ಅವಳಿಗೆ ನನ್ನ ಗುರುತು ಸಿಕ್ಕಿತು ಎಂದು ಈಗ ಅನ್ನಿಸುತ್ತದೆ.

"ಈಗ ಬಂದಿ ಏನ ನೀ?" ಎಂದಳು.

ನನ್ನ ಕೊನೆಯ ನೆನಪು ಜಮಖಂಡಿಯ ನಮ್ಮ ಮನೆಯ ಬಚ್ಚಲದ್ದು. ದೀಪಾವಳಿ ಮುಗಿದ ಮೇಲಿನ ಚಳಿ. ಹಂಡೆಯ ಒಲೆ ಹೊಗೆ ಕಾರುತ್ತಿತ್ತೇ ಹೊರತು ಹೊತ್ತಿರಲಿಲ್ಲ. ಶಾಲೆಗೆ ತಡವಾದೀತೆಂದು ತಣ್ಣೀರನ್ನೇ ತಂಬಿಗೆಯಲ್ಲಿ ತುಂಬಿ ತಲೆಗೆ ಸುರಿದುಕೊಂಡೆ. ನೆತ್ತಿ ಝುಮ್ಮೆಂದಿತು. ಅಲ್ಲಿಂದ ಮುಂದೆ ಈ ರೊಟ್ಟಿಯ ತುತ್ತು. ನಡುವೆ ಏನೂ ಇಲ್ಲ. ನಿದ್ದೆ ಮಾಡಿ ಎದ್ದರೆ ಇಷ್ಟು ಹೊತ್ತು ಕಳೆಯಿತೆಂದು ಮೈಗಾದರೂ ತಿಳಿದಿರುತ್ತದೆ. ಇದು ಹಾಗಲ್ಲ. ನೀರು ಇನ್ನೂ ತಲೆಯಿಂದ ಇಳಿಯುತ್ತಿರುವಾಗಲೇ ಯಾರೋ ನನ್ನನ್ನು ಎತ್ತಿ ತಂದು ಇಲ್ಲಿ ಕೂರಿಸಿದ್ದರು. ಕೂದಲು ಮುಟ್ಟಿ ನೋಡಿಕೊಂಡೆ. ಒಣಗಿತ್ತು, ಎಣ್ಣೆ ಹಚ್ಚಿ, ಬಾಚಿ, ತುರುಬು ಕಟ್ಟಿಯಾಗಿತ್ತು. ಬಾಗಿಲಲ್ಲಿ ಇಳಿಹೊತ್ತಿನ ಬಿಸಿಲು ಬಿದ್ದಿತ್ತು. ಮೈಮೇಲಿದ್ದದ್ದು ನಾನು ಉಡುವುದನ್ನೇ ಬಿಟ್ಟಿದ್ದ ಸೀರೆ. ಅವ್ವ ಕೊಟ್ಟದ್ದು, ಪೆಟ್ಟಿಗೆಯ ತಳದಲ್ಲಿ ಮಡಚಿಟ್ಟದ್ದು. ಅದನ್ನು ತೆಗೆದು ಉಟ್ಟವರು ಯಾರು? ನೆರಿಗೆಯನ್ನು ನಾನು ಹಿಡಿಯುವ ರೀತಿಯಲ್ಲೇ ಹಿಡಿದಿತ್ತು.

ಮತ್ತೆ ಅಲ್ಲೇ ಕೂತೆ.

ಅಕ್ಕನ ಜೊತೆ ನಾನು ಮಾತು ಬಿಟ್ಟದ್ದು ಅವ್ವನ ಮಣ್ಣಿಗಾಗಿ. ನಮಗೆ ಅಣ್ಣತಮ್ಮಂದಿರಿಲ್ಲ. ಅಪ್ಪ ತೀರಿದ ಮೇಲೆ ಅವ್ವ ಅಕ್ಕನ ಮನೆಯಲ್ಲೇ ಇದ್ದಳು. ಅಕ್ಕನ ಗಂಡ, ನಾನು ಮಾವ ಎಂದು ಕರೆಯುವವರು, ಮನೆಯ ಹಿಂದೆಯೇ ನಾಲ್ಕು ಮಗ್ಗ ಹಾಕಿ ಸೀರೆ ನೇಯಿಸುತ್ತಿದ್ದರು. ನಾನು ಆಗ ಬೀಳಗಿಯ ಶಾಲೆಯಲ್ಲಿದ್ದೆ. ಅವ್ವನನ್ನು ನೋಡಲು ಬರುತ್ತೇನೆ ಎಂದು ಹೇಳಿಕಳಿಸಿದಾಗಲೆಲ್ಲ ಅಕ್ಕ, "ಚಲೋ ಅದಾಳ, ಶಾಲಿ ಸೂಟಿಯಾಗ ಬಾ" ಎಂದು ತಿರುಗಿ ಹೇಳಿಕಳಿಸುತ್ತಿದ್ದಳು. ಆಮೇಲೆ ಒಂದು ದಿನ ಸಂತೆಗೆ ಬಂದ ಯಾರೋ, "ನಿಮ್ಮ ಅವ್ವಾರು ತೀರಿಕೊಂಡ್ರಂತಲ್ರಿ" ಎಂದರು. ನಾನು ಬನಹಟ್ಟಿ ಮುಟ್ಟುವ ಹೊತ್ತಿಗೆ ಅವ್ವನನ್ನು ಮಣ್ಣು ಮಾಡಿ ಮೂರನೆಯ ದಿನ. ಆಳು ಕಳಿಸಿದ್ದೆ, ಅವನಿಗೆ ನಿನ್ನ ಮನೆ ಸಿಗಲಿಲ್ಲ ಎಂದಳು ಅಕ್ಕ. ಬೀಳಗಿಯಂಥ ಊರಿನಲ್ಲಿ ಟೀಚರ್ ಮನೆ ಸಿಗಲಿಲ್ಲವಂತೆ. ನಾನು ಅಂಗಳದಲ್ಲೇ ನಿಂತು ಕೈತುಂಬ ಮಣ್ಣು ಹಿಡಿದು ಆಣೆ ಮಾಡಿ ಬಂದಿದ್ದೆ. ಸಮಾಧಿಯನ್ನೂ ನೋಡಲಿಲ್ಲ. ನನಗೆ ಬೇಕಾದದ್ದು ಅವ್ವನ ಮುಖ. ಮಣ್ಣಿನ ದಿಬ್ಬ ನೋಡಿ ಏನು ಮಾಡಲಿ ಎಂಬ ಹಟ.

ಈಗ ಅದೇ ಅಕ್ಕ ನನಗೆ ನೀರು ಕುಡಿಸಿ, ಆ ದಿನ ಏನಾಯಿತೆಂದು ಹೇಳತೊಡಗಿದಳು. ಮಾವ ಮಗ್ಗದ ಕೋಣೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಅವರ ಮುಖದಲ್ಲೂ ಒಂದು ನಮೂನೆಯ ಹೆದರಿಕೆ ಇತ್ತು.

ಮಧ್ಯಾಹ್ನ ಅಕ್ಕ ಪಡಸಾಲೆಯಲ್ಲಿ ಕೂತು ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದಳಂತೆ. ನಾನು ಒಳಗೆ ಬಂದೆನಂತೆ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಅವ್ವ ಮಲಗುತ್ತಿದ್ದ ಕೋಣೆಗೆ ನೇರವಾಗಿ ಹೋಗಿ, ಹೊರಗೆ ಬಂದು ಕೇಳಿದೆನಂತೆ, "ಅಕ್ಕಾ, ಅವ್ವ ಎಲ್ಲಿ?"

"ನೀ ಜಗಳಾ ಮಾಡಾಕ ಬಂದಿ ಅಂತ ತಿಳದೆ," ಎಂದಳು ಅಕ್ಕ. "ನನಗೂ ಸಿಟ್ಟ ಬಂತು. ಇಷ್ಟ ವರ್ಷಕ್ಕ ಕೇಳಾಕ ಬಂದಿ ಏನ ಅಂದೆ. ನೀ ನಕ್ಕಿ. ಅವ್ವಗ ಮೈಯಾಗ ಆರಾಮಿಲ್ಲಲ್ಲ, ಸೂಟಿತನಕ ಕಾಯಾಕ ಆಗಲಿಲ್ಲ, ಅದಕ ಬಂದೆ ಅಂದಿ. ನಿನ್ನ ಮಾರಿ ನೋಡಿದೆ. ಅದರಾಗ ಸಿಟ್ಟ ಇರಲಿಲ್ಲ. ಆಗ ಕೈಕಾಲ ತಣ್ಣಗಾದುವು ನನಗ."

"ಆಮ್ಯಾಲ?"

"ಆಮ್ಯಾಲ ಏನ, ಹೇಳಿದೆ. ಅವ್ವ ಹೋಗಿ ಭಾಳ ವರ್ಷ ಆತ ತಂಗಿ ಅಂದೆ."

ನಾನು ನೆಲಕ್ಕೆ ಬಿದ್ದು ಅತ್ತೆನಂತೆ. ಎದೆ ಎದೆ ಬಡಿದುಕೊಂಡೆನಂತೆ. ಮಗ್ಗದವರು ಮಷೀನು ಬಂದ್ ಮಾಡಿ ಓಡಿಬಂದರಂತೆ. ಅಕ್ಕ ನನ್ನನ್ನು ಹಿಡಿದುಕೊಂಡು ಕೂತಳು. ನಿಧಾನಕ್ಕೆ ಅಳು ನಿಂತಿತು. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಸುತ್ತ ನೋಡಿ, ಈಗಷ್ಟೇ ಬಂದವಳಂತೆ ಕೇಳಿದೆನಂತೆ, "ಅಕ್ಕಾ, ಅವ್ವ ಎಲ್ಲಿ?"

ಅಕ್ಕ ಮತ್ತೆ ಹೇಳಿದಳು. ನಾನು ಮತ್ತೆ ಬಿದ್ದು ಅತ್ತೆ. ಮತ್ತೆ ಕೇಳಿದೆ.

"ಹೊಸದಾಗಿ ಕೇಳಿದಂಗ ಕೇಳತಿದ್ದಿ, ಹೊಸದಾಗಿ ಅಳತಿದ್ದಿ," ಎಂದಳು ಅಕ್ಕ. "ಅವತ್ತ ಒಂದ ಸಲ ನಿನಗ ಹೇಳಿಕಳಸಲಿಲ್ಲ ನಾ. ಇವತ್ತ ಎಷ್ಟ ಸಲ ಹೇಳಿದೆ ಅಂತ ನನಗ ಗೊತ್ತಿಲ್ಲ. ಕಡೀಕ ಬಾಯಿಂದ ಮಾತ ಹೊರಡಲಿಲ್ಲ. ಗುಡಿಗೆ ಹೋಗ್ಯಾಳ ಅಂದೆ. ಹಂಗಾರ ಕುಂದರತೇನಿ, ಬರಲಿ, ಅಂದಿ. ಅದು ಇನ್ನೂ ಸಂಕಟ ಆತು."

ಕೊನೆಗೆ ಅಕ್ಕ ನನ್ನ ಕೈಹಿಡಿದು ಊರಾಚೆಯ ರುದ್ರಭೂಮಿಗೆ ನಡೆಸಿಕೊಂಡು ಹೋದಳಂತೆ. ಅವ್ವನ ಸಮಾಧಿ ತೋರಿಸಿದಳಂತೆ. ಅಲ್ಲಿ ಕೂತ ಮೇಲೆ ನಾನು ಕೇಳುವುದನ್ನು ನಿಲ್ಲಿಸಿದೆನಂತೆ. ಕಲ್ಲಿನ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತಿದ್ದೆನಂತೆ.

"ಅಲ್ಲಿ ನಿನಗ ಎಲ್ಲಾ ಹೇಳಿದೆ," ಎಂದಳು ಅಕ್ಕ. ದನಿ ಒಮ್ಮೆಲೇ ತಗ್ಗಿತು. "ಇಷ್ಟ ವರ್ಷ ಹೊಟ್ಯಾಗ ಇಟಗೊಂಡಿದ್ದು. ಆಳ ಕಳಸಿದ್ದು ಸುಳ್ಳು ಅಂತನೂ ಹೇಳಿದೆ. ಯಾಕ ಅಂತನೂ ಹೇಳಿದೆ."

"ನನಗ ಏನೂ ನೆನಪಿಲ್ಲ," ಎಂದೆ.

"ಅಲ್ಲಿಗೆ ಹೋಗಿದ್ದು?"

"ಇಲ್ಲ."

"ನಾ ಹೇಳಿದ್ದು? ಕೇಳಿ ನೀ ನನ್ನ ಮಾರಿ ಸವರಿದ್ದು?"

"ಇಲ್ಲ ಅಕ್ಕಾ. ಇವತ್ತ ಮುಂಜಾನಿಂದ ಏನೂ ಇಲ್ಲ."

ಆಣೆ ಮಾಡಿದ ಮೇಲೆ ನಾನು ಮೊದಲ ಸಲ ಅವಳನ್ನು ಅಕ್ಕಾ ಎಂದಿದ್ದೆ. ಅದು ನಮ್ಮಿಬ್ಬರ ಕಿವಿಗೂ ಬೀಳಲಿಲ್ಲ. ಅಕ್ಕನ ಮುಖ ಸುಣ್ಣದಂತಾಗಿತ್ತು. ಗಂಡನ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಹಂಗಾರ ನಾ ಯಾರಿಗೆ ಹೇಳಿದೆ?" ಎಂದಳು.

ಏನು ಹೇಳಿದೆ ಎಂದು ಕೇಳಿದೆ. ಅಕ್ಕ ತಲೆಯಲ್ಲಾಡಿಸಿದಳು. "ಇನ್ನೊಮ್ಮೆ ಹೇಳಾಕ ನನ್ನ ಕೈಲೆ ಆಗೂದಿಲ್ಲ" ಎಂದು ಎದ್ದು ಒಳಗೆ ಹೋದಳು.

ನಮ್ಮ ಮನೆಯವರು ಆ ದಿನ ಆಫೀಸಿನ ಕೆಲಸಕ್ಕೆ ಮುಧೋಳಕ್ಕೆ ಹೋಗಿದ್ದರು. ಮಗಳೊಬ್ಬಳೇ ಮನೆಯಲ್ಲಿರುತ್ತಾಳೆಂದು ಮಾವನೇ ನನ್ನನ್ನು ಸಂಜೆಯ ಬಸ್ಸಿಗೆ ಕರೆದುಕೊಂಡು ಹೊರಟರು. ಟಿಕೀಟು ಹರಿಯುತ್ತ ಬಂದ ಕಂಡಕ್ಟರು ನನ್ನನ್ನು ನೋಡಿ ನಿಂತ.

"ಅವ್ವಾರು ಹೆಂಗದಾರ್ರಿ ಟೀಚರ್?" ಎಂದ. "ಮಧ್ಯಾಹ್ನ ಭಾಳ ಗಾಬರಿಯಾಗಿದ್ರಿ."

ನಾನು ಅವನನ್ನು ಜನ್ಮದಲ್ಲಿ ಕಂಡಿರಲಿಲ್ಲ. ಮಾವ, "ಆರಾಮ ಅದಾರ್ರಿ" ಎಂದರು. ಕಿಟಕಿಯ ಆಚೆ ಕಬ್ಬಿನ ಹೊಲಗಳು ಹಿಂದಕ್ಕೆ ಓಡುತ್ತಿದ್ದವು. ಈ ದಾರಿಯಲ್ಲಿ ಇವತ್ತೇ ಒಮ್ಮೆ ಬಂದಿದ್ದೇನೆ, ಇವೇ ಹೊಲಗಳನ್ನು ಇವೇ ಕಣ್ಣುಗಳು ನೋಡಿವೆ ಎಂದುಕೊಂಡೆ. ನೋಡಿದವಳು ಮಾತ್ರ ನಾನಲ್ಲ. ಬೇರೆಯವರು ಉಟ್ಟು ಬಿಟ್ಟ ಬಟ್ಟೆಯನ್ನು ತಿಳಿಯದೆ ಉಟ್ಟುಕೊಂಡಂತೆ, ನನ್ನ ಮೈ ನನಗೇ ಹೇಸಿಕೆಯಾಯಿತು.

ಮಗಳು ಆಗ ಹೈಸ್ಕೂಲಿನಲ್ಲಿದ್ದಳು. ಬೆಳಿಗ್ಗೆ ನಾನು ಹೇಗಿದ್ದೆ ಎಂದು ಕೇಳಿದೆ.

"ಚಲೋ ಇದ್ದಿ," ಎಂದಳು. "ನನ್ನ ಜಡಿ ಹಾಕಿಕೊಟ್ಟಿ. ದಿನಾ ಬೈಕೋತ ಹಾಕ್ತಿದ್ದಿ, ಇವತ್ತ ಬೈಲಿಲ್ಲ. ಯಾವ ಇಯತ್ತೆ ನೀ ಅಂತ ಕೇಳಿದಿ. ಚಾಷ್ಟಿ ಮಾಡಾಕತ್ತಿ ಅಂತ ಎರಡನೇತ್ತೆ ಅಂದೆ. ಹೌದಲ್ಲಾ ಅಂದಿ. ಆಮ್ಯಾಲ ಇಷ್ಟ ಎತ್ತರ ಯಾವಾಗ ಆದಿ ಅಂತ ಮುದ್ದ ಕೊಟ್ಟಿ."

ಅವಳು ನಗುತ್ತ ಹೇಳುತ್ತಿದ್ದಳು. ಅವ್ವ ತೀರಿದ ವರ್ಷ ಮಗಳು ಎರಡನೆಯ ತರಗತಿಯಲ್ಲಿದ್ದಳು. ಬೆಳಿಗ್ಗೆ ಬಚ್ಚಲಿನಿಂದ ಹೊರಬಂದವಳಿಗೆ ಅಲ್ಲಿಂದ ಈಚಿನದೇನೂ ಗೊತ್ತಿರಲಿಲ್ಲ. ಅವಳ ಪಾಲಿಗೆ ಅವ್ವ ಬನಹಟ್ಟಿಯಲ್ಲಿ ಹಾಸಿಗೆ ಹಿಡಿದು ಮಲಗಿದ್ದಳು, ಅಕ್ಕ ಬರೀ ಅಕ್ಕನಾಗಿದ್ದಳು, ಆಣೆ ಇನ್ನೂ ಆಗಿರಲಿಲ್ಲ. ತನ್ನ ಎದುರಿಗೆ ನಿಂತ ಎತ್ತರದ ಹುಡುಗಿಯನ್ನು ನೋಡಿ ಒಂದು ಕ್ಷಣ ಬೆರಗಾಗಿ, ಮಗಳೇ ಅಲ್ಲವೇ ಎಂದು ಮುದ್ದಿಟ್ಟು ಹೋಗಿದ್ದಳು.

ಮರುದಿನ ಶಾಲೆಗೆ ಹೋದೆ. ಹೋಗಬೇಡವೆಂದು ಮನೆಯವರು ಹೇಳಿದರೂ ಹೋದೆ. ನಾನು ಏನು ಮಾಡಿದ್ದೇನೆ ಎಂದು ಊರೆಲ್ಲ ತಿಳಿದು ನನಗೊಬ್ಬಳಿಗೆ ತಿಳಿಯದಿರುವುದನ್ನು ತಾಳಲಾಗಲಿಲ್ಲ. ಹೊಸದಾಗಿ ಬಂದಿದ್ದ ಹೆಡ್ ಮಾಸ್ತರರು, "ತಾಯಿಯವರು ಹೆಂಗದಾರ್ರಿ?" ಎಂದು ಕೇಳಿದರು. ತಾಯಿಗೆ ಜಡ್ಡೆಂದು ಹೇಳಿ ನಾನು ಮಧ್ಯಾಹ್ನದ ರಜೆ ಕೇಳಿದ್ದೆನಂತೆ. ಬೀಳಗಿ ಬಿಟ್ಟದ್ದನ್ನೂ ಮರೆತವಳನ್ನು ರೂಢಿಯ ಕಾಲೇ ಈ ಶಾಲೆಗೆ ತಂದಿರಬೇಕು. ಒಂಬತ್ತನೆಯ ತರಗತಿಯ ಕೋಣೆಗೆ ಹೋದರೆ ಬೋರ್ಡಿನ ಮೇಲೆ ಹಿಂದಿನ ದಿನದ ಲೆಕ್ಕ ಇನ್ನೂ ಹಾಗೇ ಇತ್ತು. ಅಕ್ಷರ ನನ್ನದೇ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆಯುವ ರೂಢಿಯೂ ನನ್ನದೇ. ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ.

"ನಿನ್ನೆ ಪಾಠ ಹೆಂಗಿತ್ತು?" ಎಂದು ಮುಂದಿನ ಬೆಂಚಿನ ಹುಡುಗಿಯನ್ನು ಕೇಳಿದೆ.

"ಚಲೋ ಇತ್ತರಿ. ಒಂದ ಲೆಕ್ಕ ಎರಡ ಸಲ ಹೇಳಿಕೊಟ್ರಿ. ನಮಗ ತಿಳೀಲಿ ಅಂತ ಹೇಳಾಕತ್ತೀರಿ ಅಂದಕೊಂಡ್ವಿ."

ಡಸ್ಟರ್ ತೆಗೆದುಕೊಂಡು ಬೋರ್ಡ್ ಒರೆಸಿದೆ. ಜಾತ್ರೆಯಲ್ಲಿ ದೇವಿ ಮೈಮೇಲೆ ಬಂದವರನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಅವರು ಹಾರುತ್ತಾರೆ, ಕೂಗುತ್ತಾರೆ. ಬೇರೆ ಯಾರೋ ಬಂದಿದ್ದಾರೆಂದು ನೋಡಿದವರಿಗೆ ತಿಳಿಯುತ್ತದೆ. ನನ್ನಲ್ಲಿ ಅಂಥದ್ದೇನೂ ಆಗಿರಲಿಲ್ಲ. ನಾನು ಇಲ್ಲದೆ ಇಡೀ ಹಗಲು ನಡೆದಿತ್ತು, ಒಬ್ಬರಿಗೂ ಗೊತ್ತಾಗಿರಲಿಲ್ಲ. ಜಡೆ ಹಾಕಲು, ಲೆಕ್ಕ ಬಿಡಿಸಲು, ಬಸ್ಸು ಹತ್ತಲು ನಾನು ಬೇಕಾಗಿಯೇ ಇರಲಿಲ್ಲ. ಹಾಗಾದರೆ ನಾನು ಇರುವುದಾದರೂ ಯಾತಕ್ಕೆ? ನಾಲ್ವತ್ತು ವರ್ಷ ನಾನು ನಾನು ಎಂದುಕೊಂಡು ಬಂದದ್ದು ಏನನ್ನು?

ನಮ್ಮ ಊರಿನ ಮಠದಲ್ಲಿ ಪುರಾಣ ಹೇಳುವ ಸ್ವಾಮಿಗಳು ನಾನೆಂಬುದು ಅಳಿಯಬೇಕು ಎಂದು ಯಾವಾಗಲೂ ಹೇಳುತ್ತಿದ್ದರು. ನಾನು ಮುಂದಿನ ಸಾಲಿನಲ್ಲಿ ಕೂತು ತಲೆದೂಗುತ್ತಿದ್ದೆ. ಆ ವಾರವೂ ಹೋದೆ. ಸ್ವಾಮಿಗಳು ಆ ಮಾತು ಎತ್ತಿದ ಕೂಡಲೇ ನಡುವೆಯೇ ಎದ್ದುಬಂದೆ. ನಾನೆಂಬುದು ನಿಜವಾಗಿ ಅಳಿದ ಒಂದು ಹಗಲು ನನಗೆ ಗೊತ್ತಿತ್ತು. ಅಲ್ಲಿ ಬೆಳಕೂ ಇರಲಿಲ್ಲ, ಆನಂದವೂ ಇರಲಿಲ್ಲ. ಕತ್ತಲೆ ಇತ್ತು ಎನ್ನುವುದಕ್ಕೂ ಆಗದು. ಕತ್ತಲೆಯನ್ನು ನೋಡಲಾದರೂ ಯಾರೋ ಒಬ್ಬರು ಬೇಕು.

ಮನೆಯವರು ನನ್ನನ್ನು ಮಿರಜಿಗೆ ಕರೆದೊಯ್ದರು. ಅಲ್ಲಿನ ವಯಸ್ಸಾದ ಡಾಕ್ಟರೊಬ್ಬರು ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ಬಡಿದು, ಕಣ್ಣಿಗೆ ಬ್ಯಾಟರಿ ಬಿಟ್ಟು, ಎಲ್ಲವನ್ನೂ ಕೇಳಿಸಿಕೊಂಡರು. ತಣ್ಣೀರಿನ ಮಾತು ಬಂದಾಗ ತಲೆಯಾಡಿಸಿದರು. ಹೀಗೆ ಕೆಲವರಿಗೆ ಆಗುವುದುಂಟು, ಮತ್ತೆ ಆಗುವುದು ಅಪರೂಪ ಎಂದರು. ಮರಾಠಿ ಬೆರೆತ ಕನ್ನಡದಲ್ಲಿ, "ನೆನಪು ಬರೆಯೋ ಕೈ ಅಷ್ಟೊತ್ತು ನಿಂತಿತ್ತು, ಬಾಯಿಯವರೇ. ಉಳಿದದ್ದೆಲ್ಲಾ ಸರಿ ಇತ್ತು," ಎಂದರು.

"ಆ ಹೊತ್ತಿನ ನೆನಪು ಮುಂದ ಯಾವಾಗರ ಬರತದ ಏನ್ರಿ?" ಎಂದು ಕೇಳಿದೆ.

"ಇಲ್ಲ. ಬರೀಲೇ ಇಲ್ಲಲ್ಲ, ಎಲ್ಲಿಂದ ಬರಬೇಕು?"

"ಹಂಗಾರ ಆವಾಗ ಅತ್ತಾಕಿ ಯಾರ್ರಿ?"

ಡಾಕ್ಟರು ನನ್ನನ್ನು ನೋಡಿದರು. ಮನೆಯವರು ಮುಜುಗರದಿಂದ ಕೆಮ್ಮಿದರು. "ನೀವೇ," ಎಂದರು ಡಾಕ್ಟರು, "ಮತ್ಯಾರು?" ಗುಳಿಗೆ ಬರೆದುಕೊಟ್ಟು ಕಳಿಸಿದರು.

ಅವರು ಸುಲಭವಾಗಿ ಹೇಳಿದರು. ನನಗೆ ಅದನ್ನು ನುಂಗಲಾಗಲಿಲ್ಲ. ನಾನೇ ಅತ್ತಿದ್ದರೆ ಆ ದುಃಖ ಎಲ್ಲಿ ಹೋಯಿತು? ಅವ್ವ ಸತ್ತಳೆಂದು ನನ್ನ ಗಂಟಲು ಒಂದೇ ಮಧ್ಯಾಹ್ನದಲ್ಲಿ ಮತ್ತೆ ಮತ್ತೆ ಹರಿಯುವಂತೆ ಕೂಗಿತ್ತು. ಎರಡು ದಿನ ದನಿ ಒಡೆದಿತ್ತು, ಎದೆಯ ಮೇಲೆ ಬಡಿದುಕೊಂಡಲ್ಲಿ ಕಂದುಗಟ್ಟಿದ ಕಲೆ ಉಳಿದಿತ್ತು. ಆ ಕಲೆಯನ್ನು ಬಚ್ಚಲಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ನೋವಿತ್ತು, ದುಃಖವಿರಲಿಲ್ಲ. ದುಃಖ ಅವಳದು, ನೋವು ನನ್ನದು. ಅವಳು ಎಂದೇ ನಾನು ಅಂದುಕೊಳ್ಳತೊಡಗಿದ್ದೆ. ಅವಳು ಬಂದಳು, ಅವಳು ಅತ್ತಳು, ಅವಳಿಗೆ ಅಕ್ಕ ಎಲ್ಲ ಹೇಳಿದಳು. ಕೊನೆಯದೇ ನನ್ನನ್ನು ಕೂರಲು ಬಿಡಲಿಲ್ಲ. ನನಗೆ ಇಷ್ಟು ವರ್ಷ ಹೇಳದ್ದನ್ನು ಅಕ್ಕ ಅವಳಿಗೆ ಹೇಳಿದ್ದಳು. ಅವಳು ನನ್ನ ಕೈಯಿಂದ ಅಕ್ಕನ ಮುಖ ಸವರಿ ಬಂದಿದ್ದಳು.

ಕಾರ್ತಿಕ ಮುಗಿಯುತ್ತಲೇ ಒಂದು ರವಿವಾರ ಬನಹಟ್ಟಿಗೆ ಹೋದೆ. ಈ ಸಲ ಬೆಳಗಿನಿಂದ ಎಲ್ಲವನ್ನೂ ಗಮನವಿಟ್ಟು ಮಾಡಿದೆ, ಬಸ್ಸು ಹತ್ತಿದ್ದು, ಇಳಿದದ್ದು, ಓಣಿಯ ತಿರುವು. ಹೊಸ್ತಿಲ ಮುಂದೆ ಕಾಲು ಎತ್ತಲು ಆಗಲಿಲ್ಲ. ಆಣೆ ಮುರಿದವಳು ಅವಳು, ನಾನಲ್ಲ. ನನ್ನ ಆಣೆ ಇನ್ನೂ ಹಾಗೇ ಇತ್ತು. ಅಕ್ಕ ಒಳಗಿನಿಂದ ನೋಡಿ ಬಾ ಎನ್ನಲೂ ಇಲ್ಲ, ಎದ್ದುಬರಲೂ ಇಲ್ಲ. ಕಂಡಿಕೆ ಸುತ್ತುವ ರಾಟೆಯ ಮೇಲೆ ಕೈ ಹಾಗೇ ನಿಂತಿತ್ತು. ಒಳಗೆ ಹೋದೆ.

"ನೀನ ಏನ ಇವತ್ತ ಬಂದಾಕಿ?" ಎಂದು ಕೇಳಿದಳು. ಚೇಷ್ಟೆಯಲ್ಲ, ಅವಳಿಗೆ ನಿಜವಾಗಿ ಅಳುಕಿತ್ತು. ಯಾರು ಬಂದಿದ್ದಾರೆಂದು ತಿಳಿಯದೆ ಹಾಗೆ ತಡವರಿಸಿದಳು.

"ನಾನ ಬಂದೇನಿ," ಎಂದೆ. "ಆಕಿಗೆ ಹೇಳಿದ್ದನ್ನ ನನಗ ಹೇಳು."

ಅಕ್ಕ ನೂಲಿನ ಲಡಿಯನ್ನು ಎತ್ತಿಕೊಂಡು ಬಿಡಿಸತೊಡಗಿದಳು. ಆಮೇಲೆ ತಲೆ ಎತ್ತದೆ ಹೇಳಿದಳು.

"ಕಡೀಕಡೀಗೆ ಅವ್ವಗ ನನ್ನ ಗುರ್ತ ಸಿಗಲಾರದಂಗಾತು. ನಿನ್ನ ಹೆಸರಿಲೆ ನನ್ನ ಕರಿಯಾಕ ಹತ್ತಿದ್ಲು. ನೀರ ಕುಡಿಸಿದ್ರ ನಿನ್ನ ಹೆಸರು. ಹಾಸಿಗಿ ಬದಲಿ ಮಾಡಿದ್ರ ನಿನ್ನ ಹೆಸರು. ಹೇಲು ಉಚ್ಚಿ ಬಳದಾಕಿ ನಾ. ನನ್ನ ಹಿರೇಮಗಳ ಎಲ್ಲಿ ಹೋದ್ಲ, ಒಂದ ಸಲಾನೂ ಬರಲಿಲ್ಲ ನೋಡ ಅಂತ ನನ್ನ ಮುಂದನ ಅಳತಿದ್ಲು. ನಾನ ಅದೇನಿ ಬೇ ಅಂದ್ರ ನಂಬತಿದ್ದಿಲ್ಲ. ಕಡೀಕ ನಾ ಅನ್ನೂದ ಬಿಟ್ಟೆ. ನಿನ್ನ ಹೆಸರಿಗೆ ಓ ಅಂತಿದ್ದೆ. ತಿಂಗಳಾನುಗಟ್ಟಲೆ ನಾ ಈ ಮನಿಯಾಗ ನೀ ಆಗಿ ಇದ್ದೆ ತಂಗಿ."

ಅಕ್ಕ ಸಿಕ್ಕಾದ ಒಂದು ಎಳೆಯನ್ನು ಹಲ್ಲಿನಿಂದ ಕಡಿದಳು.

"ಜೀವ ಹೋದಮ್ಯಾಲ ಆಕಿ ಮಾರಿ ತೊಳದೆ. ಇನ್ನ ಯಾರ ಹೆಸರನ್ನೂ ಕರಿಯೂದಿಲ್ಲ ಈಕಿ ಅನ್ನಿಸ್ತು. ಈಗರ ನನ್ನ ಅವ್ವ ಆಗಲಿ ಅನ್ನಿಸ್ತು. ನೀ ಬಂದ್ರ ಮಂದಿ ಎಲ್ಲಾ ನಿನ್ನ ಸುತ್ತ ಕೂಡತಾರ, ನಿನ್ನ ಹೆಸರ ಕರಕೋತ ಜೀವ ಬಿಟ್ಲು ಅಂತಾರ. ನಿಮ್ಮ ಮಾವಾರು ಬೀಳಗಿಗೆ ಆಳ ಕಳಸ ಅಂದ್ರು. ಕಳಿಸೇನಿ ಅಂತ ಸುಳ್ಳ ಹೇಳಿದೆ. ಒಂದ ದಿನ ಅಷ್ಟ, ಆಕಿ ನನಗೊಬ್ಬಾಕಿಗೇ ಇರಲಿ ಅಂತ."

ಮಗ್ಗಗಳು ಆ ದಿನ ಬಂದ್ ಇದ್ದವು. ಅಷ್ಟು ನಿಶ್ಶಬ್ದವಾಗಿ ಆ ಮನೆಯನ್ನು ನಾನು ಎಂದೂ ಕೇಳಿರಲಿಲ್ಲ.

"ಇದನ್ನ ಕೇಳಿ ಆಕಿ ಏನಂದ್ಲು?" ಎಂದೆ.

"ಏನೂ ಅನ್ನಲಿಲ್ಲ. ಮಾರಿ ಸವರಿದ್ಲು. ಅಕ್ಕಾ, ಎಷ್ಟ ಬಡಕಲಾಗಿ ನೀ ಅಂದ್ಲು. ಆಮ್ಯಾಲ ಹಸಿವಾಗೇತಿ ಅಂದ್ಲು. ಮನಿಗೆ ಬಂದು ರೊಟ್ಟಿ ಬಡದೆ."

ಅಕ್ಕನೂ ಈಗ ಅವಳು ಎನ್ನುತ್ತಿದ್ದಳು. ಹೇಳಿ ಮುಗಿಸಿ ಮುಖ ಎತ್ತಿ ನನ್ನನ್ನು ನೋಡಿದಳು. ಅವಳು ಏನನ್ನು ಕಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಕೈ ಎತ್ತಲು ಹೋದೆ. ಆಗಲಿಲ್ಲ. ಬದಲಿಗೆ ಸಿಟ್ಟು ಬಂತು. ಅವ್ವ ನನ್ನನ್ನು ಕರೆಯುತ್ತಿದ್ದಳು, ತಿಂಗಳುಗಟ್ಟಲೆ ಕರೆಯುತ್ತಿದ್ದಳು, ಇವಳು ಚಲೋ ಅದಾಳ ಎಂದು ಹೇಳಿಕಳಿಸುತ್ತಿದ್ದಳು. ನನ್ನ ಹೆಸರಿಗೆ ಇವಳು ಓಗೊಟ್ಟಳು. ನನ್ನ ಪಾಲಿನ ಅವ್ವನನ್ನೂ ಇವಳೇ ಉಂಡಳು.

"ನೀ ಮಾಡಿದ್ದು ಮನಶಾರು ಮಾಡೂದಲ್ಲ," ಎಂದೆ. ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಅಕ್ಕ ತಡೆಯಲಿಲ್ಲ. ಓಣಿಯ ತಿರುವಿನವರೆಗೂ ಅವಳ ಅಳು ಕೇಳಿಸಿತು.

ಮನೆಗೆ ಬಂದು ನಡೆದದ್ದನ್ನೆಲ್ಲ ಮನೆಯವರಿಗೆ ಹೇಳಿದೆ. ಅವರು ಕಡಿಮೆ ಮಾತಿನವರು. ಎಲ್ಲ ಕೇಳಿಸಿಕೊಂಡು, "ಆವತ್ತ ಕೇಳಿದಾಕಿಗೂ ಅದೇ ಅವ್ವನ ಇದ್ಲಲ್ಲ. ಆಕಿಗ್ಯಾಕ ಸಿಟ್ಟ ಬರಲಿಲ್ಲ?" ಎಂದರು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅವಳೂ ನನ್ನಷ್ಟೇ ಮಗಳು. ನನಗಿಂತ ಹೆಚ್ಚು ಅತ್ತವಳು. ಅದೇ ಮಾತನ್ನು ಕೇಳಿ ಅವಳು ಅಕ್ಕನ ಮುಖವನ್ನು ನೋಡಿದಳು, ನಾನು ನನ್ನ ಪಾಲನ್ನು ನೋಡಿದೆ. ಅವಳ ಹತ್ತಿರ ಇಲ್ಲದ್ದು, ನನ್ನ ಹತ್ತಿರ ಇದ್ದದ್ದು, ಏಳೆಂಟು ವರ್ಷ ದಿನವೂ ನೀರೆರೆದು ಬೆಳೆಸಿದ ಆ ಹಟ ಒಂದೇ. ಅದನ್ನು ತೆಗೆದರೆ ನಾನು ಅವಳೇ. ಅದನ್ನೇ ನಾನು ನಾನು ಎಂದುಕೊಂಡಿದ್ದೆನೇ? ಹೀಗೆ ಯೋಚನೆ ಬಂದ ದಿನ ತರಗತಿಯಲ್ಲಿ ಪಾಠ ನಿಲ್ಲಿಸಿ ಕುರ್ಚಿಯ ಮೇಲೆ ಕೂತುಬಿಟ್ಟೆ. ಮಕ್ಕಳು ಗಾಬರಿಯಾದರು.

ಹಾಗೆಂದು ತಿಳಿದ ಮಾತ್ರಕ್ಕೆ ಹಟ ಹೋಗುವುದಿಲ್ಲ. ಅವಳು ಒಂದೇ ಹೊತ್ತಿನಲ್ಲಿ ಮಾಡಿದ್ದಕ್ಕೆ ನನಗೆ ಎರಡು ವರ್ಷ ಹಿಡಿಯಿತು. ಆ ನಡುವೆ ಅಕ್ಕ ಏನೂ ಹೇಳಿಕಳಿಸಲಿಲ್ಲ. ಒಮ್ಮೆ ಮಾವ ಮಾತ್ರ ನೂಲಿನ ಕೆಲಸಕ್ಕೆ ಜಮಖಂಡಿಗೆ ಬಂದವರು ಮನೆಗೆ ಬಂದು, ಚಹಾ ಕುಡಿದು, ಹೋಗುವಾಗ, "ನಿಮ್ಮ ಅಕ್ಕ ಈಗೀಗ ನಿನ್ನ ದಾರಿ ಕಾಯೂದಿಲ್ಲ ನೋಡವಾ, ಆ ಇನ್ನೊಬ್ಬಾಕಿ ದಾರಿ ಕಾಯತಾಳ" ಎಂದರು. ಅವರು ನನ್ನನ್ನು ಚುಚ್ಚಲು ಆಡಿದ್ದಲ್ಲ. ಆದರೂ ನನಗೆ ಕಪಾಳಕ್ಕೆ ಹೊಡೆದಂತಾಯಿತು. ನನ್ನ ಅಕ್ಕ, ನಾನು ಬದುಕಿರುವಾಗಲೇ,  ನನ್ನಲ್ಲಿ ಇನ್ನೊಬ್ಬಳನ್ನು ಹುಡುಕುತ್ತಿದ್ದಳು. ಅವ್ವ ಅವಳಿಗೆ ಮಾಡಿದ್ದೂ ಇದನ್ನೇ.

ಮುಂದಿನ ವಾರ ಹೋದೆ. ಮಾತು ಬಹಳವೇನೂ ಆಗಲಿಲ್ಲ. ಅಕ್ಕ ಸೊರಗಿದ್ದಳು. "ಸಮಾಧಿಗೆ ಹೋಗೂಣೇನು?" ಎಂದೆ. ಸೆರಗು ಹೊದ್ದುಕೊಂಡು ಎದ್ದಳು. ಬಿಸಿಲು ಇಳಿದಿರಲಿಲ್ಲ. ದಾರಿಯುದ್ದಕ್ಕೂ ಬಣ್ಣ ಹಾಕಿದ ನೂಲಿನ ಲಡಿಗಳನ್ನು ಗಳಕ್ಕೆ ಒಣಹಾಕಿದ್ದರು. ಅವುಗಳ ನಡುವೆ ಹಾದು ಹೋದೆವು. ನಾನು ಮೊದಲ ಸಲ ನೋಡುತ್ತಿದ್ದ ಜಾಗ ಅದು. ನನ್ನ ಕಾಲಿಗೆ ಮಾತ್ರ ಮೊದಲ ಸಲವಲ್ಲ. ಸಣ್ಣ ಕಟ್ಟೆ, ಮೇಲೊಂದು ಕಲ್ಲಿನ ಲಿಂಗ, ಪಕ್ಕದಲ್ಲಿ ಬೇವಿನ ಗಿಡ. ಅಳು ಬರುತ್ತದೆಂದು ಕಾದೆ. ಬರಲಿಲ್ಲ. ನನ್ನ ಪಾಲಿನ ಅಳುವನ್ನೂ ಅವಳೇ ಅತ್ತು ಮುಗಿಸಿ ಹೋಗಿರಬೇಕು.

"ಆವತ್ತ ನೀ ಅಲ್ಲೇ ಕುಂತಿದ್ದಿ," ಎಂದು ಅಕ್ಕ ಕಟ್ಟೆಯ ಬಲಬದಿ ತೋರಿಸಿದಳು. ಈ ಸಲ ಅವಳು ಆಕಿ ಎನ್ನಲಿಲ್ಲ, ನನ್ನನ್ನೇ ನೀ ಎಂದಳು.

ನಾನು ಆ ಜಾಗವನ್ನು ಬಿಟ್ಟು ಎಡಗಡೆ ಕೂತೆ. ಯಾಕೆ ಹಾಗೆ ಮಾಡಿದೆ ಎಂದು ನನಗೂ ಗೊತ್ತಿಲ್ಲ, ಅಕ್ಕನೂ ಕೇಳಲಿಲ್ಲ. ನನ್ನ ಪಕ್ಕಕ್ಕೆ ಬಂದು ಕೂತಳು. ನಾನು ಕೈ ಚಾಚಿ ಅವಳ ಮುಖ ಸವರಿದೆ. ಅವಳು ಕಣ್ಣು ಮುಚ್ಚಿಕೊಂಡು, ಯಾರ ಕೈ ಎಂದು ತಿಳಿದುಕೊಳ್ಳುವವಳಂತೆ, ಬಹಳ ಹೊತ್ತು ಅಲುಗಾಡದೆ ಕೂತಿದ್ದಳು.